ಜ್ಞಾನಸ್ನಾನದ ಮರುದಿನ

ನಾನು ಜ್ಞಾನಸ್ನಾನ ಪಡೆದು ಕಥೋಲಿಕಳಾದದ್ದು ನನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ. ಅಂದಿನಿಂದ ಇಂದಿನವರೆಗೆ, ವಿಷಯ ತಿಳಿದವರೆಲ್ಲ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಯಾಕೆ ಸೇರಿದಿರಿ?" ಸ್ಟಾಫ್ ರೂಮಿನಲ್ಲಿ ಟಿಫಿನ್ ಡಬ್ಬಿ ಬಿಚ್ಚುತ್ತಾ ಕೇಳಿದವರಿದ್ದಾರೆ, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತು ದನಿ ತಗ್ಗಿಸಿ ಕೇಳಿದವರಿದ್ದಾರೆ. ಮದುವೆಗಾಗಿ ಎಂದುಕೊಂಡವರು ಕೆಲವರು. ಅದು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಎಷ್ಟು ಸಲ ಹೇಳಿದರೂ ಆ ಉತ್ತರ ಕೇಳಿದವರಿಗೆ ಸಮಾಧಾನ ತಂದಿಲ್ಲ, ನನಗೂ ತಂದಿಲ್ಲ.

ಆದರೆ ಇಷ್ಟು ವರ್ಷಗಳಲ್ಲಿ ಒಬ್ಬರೂ ನನ್ನನ್ನು ಇನ್ನೊಂದು ಪ್ರಶ್ನೆ ಕೇಳಲಿಲ್ಲ: "ಸೇರಿದ ಮೇಲೆ ಏನಾಯಿತು?" ಹೊರಗಿನವರು ಕೇಳದಿದ್ದರೆ ಹೋಗಲಿ, ಚರ್ಚಿನವರೂ ಕೇಳಲಿಲ್ಲ. ಜ್ಞಾನಸ್ನಾನದ ದಿನ ಎಲ್ಲರೂ ಕೈ ಹಿಡಿದು ಅಭಿನಂದಿಸಿದರು, ಫೋಟೋ ತೆಗೆಸಿಕೊಂಡರು, ಕೇಕು ಕತ್ತರಿಸಿದರು. ಮರುದಿನದಿಂದ ನಾನು ಎಲ್ಲವನ್ನೂ ತಿಳಿದವಳೆಂದೇ ಎಣಿಸಿದರು.

ನಮ್ಮ ಹಳೆಯ ಸಿನಿಮಾಗಳು ತಾಳಿ ಕಟ್ಟುವುದರೊಂದಿಗೆ ಮುಗಿಯುತ್ತಿದ್ದವು, ನೆನಪಿದೆಯಲ್ಲವೇ? ಓಲಗ ಊದಿ ಅಕ್ಷತೆ ಬಿದ್ದೊಡನೆ 'ಶುಭಂ'. ಥಿಯೇಟರಿನಿಂದ ಹೊರಬಂದ ಹೆಂಗಸರಿಗೆಲ್ಲ ಗೊತ್ತು, ಬಾಳುವೆ ಎಂಬುದು ಶುರುವಾಗುವುದೇ ಆಮೇಲೆ ಎಂದು. ಮತಾಂತರದ ಕಥೆಗಳಲ್ಲಿಯೂ ಇದೇ ದೋಷವನ್ನು ನಾನು ಕಂಡಿದ್ದೇನೆ. ಹುಡುಕಾಟ, ಸಂಕಟ, ಒಂದು ರಾತ್ರಿಯ ಕಣ್ಣೀರು, ಬೆಳಕು, ದೀಕ್ಷೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಮರುದಿನ ಬೆಳಿಗ್ಗೆ ಹಾಲು ಕಾಯಿಸಲು ಎದ್ದ ಆ ಹೆಂಗಸು ಏನೆಂದುಕೊಂಡಳು ಎಂದು ಯಾರೂ ಬರೆಯುವುದಿಲ್ಲ.

ಹಾಗೆ ಬರೆಯಲು ಯತ್ನಿಸಿದ ಒಂದು ಪುಸ್ತಕದ ಬಗ್ಗೆ ಇಲ್ಲಿ ಹೇಳಬೇಕೆಂದಿದ್ದೇನೆ. ಅಮೆರಿಕದ ಪತ್ರಕರ್ತೆ ಡೊರೊಥಿ ಡೇ 1952ರಲ್ಲಿ ಪ್ರಕಟಿಸಿದ ಆತ್ಮಕಥೆ 'ದಿ ಲಾಂಗ್ ಲೋನ್ಲಿನೆಸ್'. 'ದೀರ್ಘ ಒಂಟಿತನ' ಎನ್ನಬಹುದು. ಆ ಮಾತು ಹದಿನೇಳನೆಯ ಶತಮಾನದ ಇಂಗ್ಲಿಷ್ ಸಂನ್ಯಾಸಿನಿ ಮೇರಿ ವಾರ್ಡ್ ಅವರದು. ನಮ್ಮ ದೇಶದ ಲೊರೆಟೊ ಶಾಲೆಗಳನ್ನು ನಡೆಸುವ ಸಿಸ್ಟರುಗಳು ಅವರ ಪರಂಪರೆಗೇ ಸೇರಿದವರು.

ಈ ಪುಸ್ತಕವನ್ನು ನಾನು ಎರಡು ಸಲ ಓದಿದೆ. ಮೊದಲನೆಯ ಸಲ, ಜ್ಞಾನಸ್ನಾನವಾಗಿ ನಾಲ್ಕು ವರ್ಷ ಕಳೆದಿದ್ದಾಗ. ನಮ್ಮ ಶಾಲೆಯ ಲೈಬ್ರರಿ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಒಬ್ಬರು, "ಟೀಚರ್, ಇದು ನಿಮಗೆ ಹಿಡಿಸಬಹುದು" ಎಂದು ಕೊಟ್ಟಿದ್ದರು. ಎರಡನೆಯ ಸಲ, ನನ್ನ ಅಮ್ಮ ತೀರಿಕೊಂಡ ಮೇಲೆ. ಎರಡು ಓದುಗಳ ನಡುವೆ ಇಪ್ಪತ್ತು ವರ್ಷಗಳ ಅಂತರ. ಪುಸ್ತಕ ಅದೇ, ಕಂಡದ್ದು ಮಾತ್ರ ಬೇರೆ. ಮೊದಲ ಓದಿನಲ್ಲಿ ಕಣ್ಣರಳಿಸಿ ಓದಿದ ಪುಟಗಳು ಎರಡನೆಯ ಓದಿನಲ್ಲಿ ಬೇಗ ಸರಿದವು. ಆಗ ಆಕಳಿಸುತ್ತಾ ತಿರುವಿ ಹಾಕಿದ ಪುಟಗಳಲ್ಲಿ ಈಗ ನಿಂತುಬಿಟ್ಟೆ.

ಗೊತ್ತಿಲ್ಲದವರಿಗಾಗಿ ಡೊರೊಥಿಯ ಬದುಕನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಹುಟ್ಟಿದ್ದು 1897ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ತಂದೆ ಪತ್ರಕರ್ತ. ಬಾಲ್ಯದಲ್ಲಿ 1906ರ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪವನ್ನು ಕಂಡವರು. ನಿರಾಶ್ರಿತರಿಗೆ ನೆರೆಹೊರೆಯವರು ಅಡಿಗೆ ಮಾಡಿ ಬಡಿಸಿದ್ದು, ಬಟ್ಟೆ ಹಂಚಿದ್ದು ಅವರ ಮನಸ್ಸಿನಲ್ಲಿ ಕೊನೆಯವರೆಗೂ ಉಳಿಯಿತು. ಎರಡು ವರ್ಷ ವಿಶ್ವವಿದ್ಯಾನಿಲಯದಲ್ಲಿ ಓದಿ ಬಿಟ್ಟು, ಸಮಾಜವಾದಿ ಪತ್ರಿಕೆಗಳಲ್ಲಿ ಕೆಲಸಕ್ಕೆ ಸೇರಿದರು. 1917ರಲ್ಲಿ ಹೆಂಗಸರ ಮತದಾನದ ಹಕ್ಕಿಗಾಗಿ ಶ್ವೇತಭವನದ ಮುಂದೆ ನಿಂತು ಜೈಲಿಗೆ ಹೋದರು, ಅಲ್ಲಿ ಉಪವಾಸ ಮಾಡಿದರು. ನಂತರ ಸ್ಟೇಟನ್ ಐಲೆಂಡಿನ ಕಡಲತೀರದ ಸಣ್ಣ ಮನೆಯೊಂದರಲ್ಲಿ ಫಾರ್ಸ್ಟರ್ ಬ್ಯಾಟರ್‌ಹ್ಯಾಮ್ ಎಂಬ ಜೀವವಿಜ್ಞಾನಿಯೊಂದಿಗೆ ಬಾಳಿದರು. ಆತನಿಗೆ ಮದುವೆಯಲ್ಲಿ ನಂಬಿಕೆಯಿಲ್ಲ, ದೇವರಲ್ಲಂತೂ ಇಲ್ಲವೇ ಇಲ್ಲ. 1926ರಲ್ಲಿ ಮಗಳು ಟಮಾರ್ ಹುಟ್ಟಿದಳು. 1927ರ ಜುಲೈಯಲ್ಲಿ ಮಗಳಿಗೆ ಜ್ಞಾನಸ್ನಾನ, ಡಿಸೆಂಬರ್ 28ರಂದು ತಾಯಿ ಕಥೋಲಿಕಳಾದದ್ದು. ಫಾರ್ಸ್ಟರ್ ಜತೆಗಿನ ಬಾಳು ಅಲ್ಲಿಗೆ ಮುಗಿಯಿತು.

ಪುಸ್ತಕದಲ್ಲಿ ಮೂರು ಭಾಗಗಳಿವೆ. ಮೊದಲನೆಯದು ಹುಡುಕಾಟ, ಎರಡನೆಯದು ಕಡಲತೀರದ ಸಂಸಾರ ಮತ್ತು ಮತಾಂತರ, ಮೂರನೆಯದು ಮುಂದಿನ ಬದುಕು. ಎರಡನೆಯ ಭಾಗವೇ ಬಹುಜನರಿಗೆ ಅಚ್ಚುಮೆಚ್ಚು. ನನಗೂ ಮೊದಲ ಓದಿನಲ್ಲಿ ಹಾಗೆಯೇ ಆಯಿತು. ಕಾರಣವಿದೆ. ದುಃಖ ಬಂದಾಗ ದೇವರನ್ನು ನೆನೆಯುವುದು ಲೋಕರೂಢಿ. 'ಸಂಕಟ ಬಂದಾಗ ವೆಂಕಟರಮಣ' ಎಂದು ಗಾದೆಯನ್ನೇ ಮಾಡಿಟ್ಟವರು ನಾವು. ಡೊರೊಥಿ ಹೇಳುವುದು ಇದಕ್ಕೆ ತದ್ವಿರುದ್ಧ. ತನ್ನನ್ನು ದೇವರ ಕಡೆಗೆ ಎಳೆದದ್ದು ಸಂಕಟವಲ್ಲ, ಸುಖ ಎನ್ನುತ್ತಾರೆ. ಕಡಲು, ಮೀನು, ಚಿಪ್ಪು, ನಕ್ಷತ್ರಗಳನ್ನು ಹೆಸರು ಹಿಡಿದು ತೋರಿಸಿದ ಗಂಡಸು, ತೊಡೆಯ ಮೇಲೆ ಕೂಸು. ಇಷ್ಟು ಸುಖಕ್ಕೆ ಯಾರಿಗಾದರೂ ಕೃತಜ್ಞತೆ ಹೇಳಬೇಕಲ್ಲ ಎಂಬ ತಹತಹ. ಸೃಷ್ಟಿಯ ಚೆಲುವನ್ನು ಕಾಣಿಸಿದವನು ನಾಸ್ತಿಕ, ಅದರಿಂದಲೇ ಅವಳು ಆಸ್ತಿಕಳಾದಳು, ಆಸ್ತಿಕಳಾದದ್ದರಿಂದಲೇ ಅವನನ್ನು ಕಳೆದುಕೊಂಡಳು. ಇಂಥ ತೊಡಕನ್ನು ಯಾವ ಕಾದಂಬರಿಕಾರ ಹೆಣೆದಾನು!

ಮಗಳಿಗೆ ಜ್ಞಾನಸ್ನಾನ ಮಾಡಿಸುವ ಸಲುವಾಗಿ ಆಕೆ ದಾರಿಯಲ್ಲಿ ಕಂಡ ಒಬ್ಬ ವಯಸ್ಸಾದ ಸಿಸ್ಟರ್ ಅವರನ್ನು ಮಾತನಾಡಿಸುತ್ತಾಳೆ. ಅವರ ಹೆಸರು ಸಿಸ್ಟರ್ ಅಲೋಶಿಯಾ, ಹಳೆಯ ಕಾಲದ ಮೇಷ್ಟರಮ್ಮ. ವಾರಕ್ಕೆ ಹಲವು ಸಲ ಮನೆಗೆ ಬಂದು ಜ್ಞಾನೋಪದೇಶದ ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿಸುತ್ತಾರೆ, ತೊಳೆಯದ ಪಾತ್ರೆ ಕಂಡರೆ ಗದರುತ್ತಾರೆ, ಉತ್ತರ ತಪ್ಪಿದರೆ ನಮ್ಮ ನಾಲ್ಕನೆಯ ತರಗತಿಯ ಮಕ್ಕಳು ನಿನಗಿಂತ ವಾಸಿ ಎಂದು ಮೂದಲಿಸುತ್ತಾರೆ. ಪುಸ್ತಕಗಳ ನಡುವೆ ಬೆಳೆದ, ಕಾದಂಬರಿ ಬರೆದ, ಜೈಲು ಕಂಡ ಹೆಂಗಸು ತಲೆ ತಗ್ಗಿಸಿ ಪಾಠ ಒಪ್ಪಿಸುತ್ತಾಳೆ. ಕೆಲವು ವಿಮರ್ಶಕರಿಗೆ ಇದು ತಮಾಷೆಯ ಪ್ರಸಂಗ. ನನಗೆ ಹಾಗನಿಸಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಮಗ್ಗಿ ಒಪ್ಪಿಸಲು ಹೇಳಿದವಳು ನಾನು. ಹೇಳುವಾಗ ಅರ್ಥವಾಗಿರದ ಮಗ್ಗಿ, ಸಂತೆಯಲ್ಲಿ ಚಿಲ್ಲರೆ ಎಣಿಸುವ ದಿನ ತಾನಾಗಿ ನೆರವಿಗೆ ಬರುತ್ತದೆ. ನಮ್ಮ ಅತ್ತೆ ನನಗೆ ಜಪಸರ ಕಲಿಸಿದ್ದೂ ಹಾಗೆಯೇ. "ಅರ್ಥ ಆಮೇಲೆ ನೋಡೋಣಮ್ಮ, ಮೊದಲು ಮಣಿ ಎಣಿಸೋದು ತಪ್ಪಿಸಬೇಡ" ಎನ್ನುತ್ತಿದ್ದರು. ಪೂಜೆಯಲ್ಲಿ ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ಎಂದು ತಿಳಿಯದೆ ಮುಂದಿನ ಬೆಂಚಿನ ಹೆಂಗಸಿನ ಬೆನ್ನನ್ನೇ ನೋಡುತ್ತಾ ನಾನು ಕಳೆದ ಭಾನುವಾರಗಳಿಗೆ ಲೆಕ್ಕವಿಲ್ಲ.

ಇನ್ನು ಆ ದಿನದ ವಿಚಾರ. ಓದುಗರು ಬೆಳಕಿನ ಮಳೆ ಸುರಿದೀತೆಂದು ಕಾಯುತ್ತಾರೆ. ಡೊರೊಥಿ ಹೇಳುವುದು ಬೇರೆ: ಜ್ಞಾನಸ್ನಾನ, ಪಾಪನಿವೇದನೆ, ಮರುದಿನದ ಪರಮಪ್ರಸಾದ ಎಲ್ಲವೂ ಆದವು, ಆದರೆ ತನಗೆ ವಿಶೇಷವಾದ ಯಾವ ಸಂತೋಷವೂ ಆಗಲಿಲ್ಲ. ಮಂಡಿಯೂರುವಾಗ ತಾನು ನಟಿಸುತ್ತಿದ್ದೇನೆಯೇ ಎಂದೂ ಅನಿಸಿತಂತೆ. ಹಿಂದಿನ ದಿನವಷ್ಟೇ ಮನುಷ್ಯನೊಬ್ಬನನ್ನು ಬಾಗಿಲಿಂದ ಹಿಂದಕ್ಕೆ ಕಳುಹಿಸಿದ್ದಳು. ಜತೆಗೆ, ಬಡವರ ಪಕ್ಷ ಬಿಟ್ಟು ಸಿರಿವಂತರ ಪಕ್ಷಕ್ಕೆ ಸೇರಿದೆನೇನೋ ಎಂಬ ಅಳುಕು ಬೇರೆ. ಈ ಮಾತುಗಳನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನನ್ನ ಜ್ಞಾನಸ್ನಾನದ ದಿನ ಅಮ್ಮ ಬರಲಿಲ್ಲ. ನೀರು ತಲೆಯ ಮೇಲೆ ಬಿದ್ದಾಗ ನನಗೆ ನೆನಪಾದದ್ದು ಅಭ್ಯಂಜನದ ದಿನ ಅವಳು ಎಣ್ಣೆ ಒತ್ತುತ್ತಿದ್ದ ಕೈ. ಇದನ್ನು ಯಾರಿಗೆ ಹೇಳುವುದು? ದೇವರಿಗೆ ದ್ರೋಹವೇನೋ ಎಂದು ಹೆದರಿದ್ದೆ. ಅಮೆರಿಕದಲ್ಲಿ ಒಬ್ಬಾಕೆ ಅದನ್ನು ಅಚ್ಚು ಹಾಕಿಸಿದ್ದಳೆಂದು ತಿಳಿದಾಗ ಅರ್ಧ ಭಾರ ಇಳಿಯಿತು.

ಇಲ್ಲಿಗೆ ನನ್ನ ಮೆಚ್ಚುಗೆಯನ್ನು ನಿಲ್ಲಿಸಿ ಒಂದು ತಕರಾರು ಹೇಳಬೇಕು. ಜ್ಞಾನಸ್ನಾನವಾದದ್ದು 1927ರ ಕೊನೆಗೆ. ಡೊರೊಥಿಯ ಹೊಸ ಬದುಕಿಗೆ ದಾರಿ ಕಂಡದ್ದು 1932ರ ಕೊನೆಗೆ. ನಡುವಿನ ಈ ಐದು ವರ್ಷಗಳಿಗೆ ಪುಸ್ತಕದಲ್ಲಿ ಸಿಕ್ಕಿರುವುದು ಒಂದೇ ಅಧ್ಯಾಯ. ಹಾಲಿವುಡ್ಡಿನಲ್ಲಿ ಕೆಲವು ತಿಂಗಳು ಸಂಭಾಷಣೆ ಬರೆಯುವ ಕೆಲಸ, ಮಗುವನ್ನು ಕಟ್ಟಿಕೊಂಡು ಮೆಕ್ಸಿಕೊ, ಅಲ್ಲಿ ಮಗುವಿಗೆ ಜ್ವರ, ಮತ್ತೆ ನ್ಯೂಯಾರ್ಕು. ಸರಸರನೆ ಹೇಳಿ ಮುಗಿಸುತ್ತಾರೆ. ಹೊಸ ನಂಬಿಕೆ ಇನ್ನೂ ಮೈಗೆ ಹತ್ತಿರದ, ಹಳೆಯ ಸ್ನೇಹಿತರು ದೂರವಾಗಿರುವ, ಹೊಸಬರಲ್ಲಿ ಒಬ್ಬರೂ ಆಪ್ತರಲ್ಲದ ಆ ವರ್ಷಗಳೇ ನನ್ನಂಥವಳಿಗೆ ಬೇಕಾಗಿದ್ದವು.

ಆ ಮೌನದ ಹಿಂದೆ ಏನಿತ್ತೆಂದು ತಿಳಿದದ್ದು ಬಹಳ ತಡವಾಗಿ. 2010ರಲ್ಲಿ ರಾಬರ್ಟ್ ಎಲ್ಸ್‌ಬರ್ಗ್ ಅವರು ಸಂಪಾದಿಸಿದ ಡೊರೊಥಿಯ ಪತ್ರಗಳ ಸಂಪುಟ ಹೊರಬಂತು. ಆತ್ಮಕಥೆಯಲ್ಲಿ ಬಾಗಿಲು ಮುಚ್ಚಿದೊಡನೆ ಮುಗಿದಂತೆ ಕಾಣುವ ಸಂಬಂಧ, ಪತ್ರಗಳಲ್ಲಿ ಮುಗಿದಿರಲಿಲ್ಲ. ಮದುವೆಯಾಗೋಣ ಬಾ ಎಂದು ಆಕೆ ಫಾರ್ಸ್ಟರ್‌ಗೆ ಐದು ವರ್ಷ ಬರೆಯುತ್ತಲೇ ಇದ್ದಳು. ಕೋಪ, ಹಂಬಲ, ಅಂಗಲಾಚಿಕೆ ಎಲ್ಲವೂ ಆ ಪತ್ರಗಳಲ್ಲಿವೆ. 1932ರ ಡಿಸೆಂಬರಿನಲ್ಲಷ್ಟೇ ಆಸೆ ಬಿಟ್ಟಳು. ಅಂದರೆ ಆ ಐದು ವರ್ಷ ಆಕೆಯ ನಂಬಿಕೆ ಒಂದು ಕಾಲನ್ನು ಮುಂದಿಟ್ಟು, ಇನ್ನೊಂದು ಕಾಲನ್ನು ಕಡಲತೀರದಲ್ಲೇ ಊರಿ ನಿಂತಿತ್ತು. ಇದನ್ನು 1952ರಲ್ಲಿಯೇ ಬರೆದಿದ್ದರೆ ಪುಸ್ತಕ ಇನ್ನಷ್ಟು ದೊಡ್ಡದಾಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ಬದುಕಿರುವ ಮನುಷ್ಯನ ಮಾನ ಕಾಯುವುದೂ ಒಂದು ಧರ್ಮ ಎಂದು ಯಾರಾದರೂ ಹೇಳಿದರೆ ನಾನು ವಾದಿಸಲಾರೆ.

1932ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ನಿರುದ್ಯೋಗಿಗಳ ಹಸಿವಿನ ಮೆರವಣಿಗೆ ನಡೆಯಿತು. ವರದಿ ಮಾಡಲು ಹೋದ ಡೊರೊಥಿ ಬೀದಿಬದಿಯಲ್ಲಿ ನಿಂತು ನೋಡಿದಳು. ಮೆರವಣಿಗೆಯಲ್ಲಿ ಹಳೆಯ ಕಮ್ಯೂನಿಸ್ಟ್ ಸಂಗಾತಿಗಳಿದ್ದರು. ತಾನು ಮಾತ್ರ ಕಥೋಲಿಕಳಾಗಿ ಐದು ವರ್ಷ ಕಳೆದರೂ ತನ್ನ ಆತ್ಮದ ಚಿಂತೆಯಲ್ಲೇ ಮುಳುಗಿ, ನೋಡುತ್ತಾ ನಿಂತವಳು. ನಾಚಿಕೆಯಾಯಿತು. ಡಿಸೆಂಬರ್ 8, ಮಾತೆ ಮರಿಯಮ್ಮನ ಹಬ್ಬ. ಅಲ್ಲಿನ ದೊಡ್ಡ ದೇವಾಲಯದ ನೆಲಮನೆಯಲ್ಲಿ ಕುಳಿತು ದಾರಿ ತೋರಿಸೆಂದು ಅತ್ತು ಪ್ರಾರ್ಥಿಸಿದಳು. ನ್ಯೂಯಾರ್ಕಿಗೆ ಹಿಂದಿರುಗಿದಾಗ, ಮಾಸಲು ಕೋಟು ತೊಟ್ಟ ಫ್ರೆಂಚ್ ರೈತರ ಮನೆಯ ಪೀಟರ್ ಮೊರಿನ್ ಎಂಬಾತ ಅವಳಿಗಾಗಿ ಕಾಯುತ್ತಿದ್ದ.

ಮೊದಲ ಓದಿನಲ್ಲಿ ನನಗೆ ಬೇಸರ ತಂದವನು ಇದೇ ಪೀಟರ್. ಮಾತು, ಮಾತು, ಮುಗಿಯದ ಮಾತು. ಎರಡನೆಯ ಓದಿನಲ್ಲಿ ಹೊಳೆಯಿತು: ಜ್ಞಾನಸ್ನಾನವಾಗಿ ಐದು ವರ್ಷದ ನಂತರ ಆಕೆಗೆ ದೊರೆತ ನಿಜವಾದ ಮೇಷ್ಟರು ಈತ. ಸಿಸ್ಟರ್ ಅಲೋಶಿಯಾ ಅಕ್ಷರ ಕಲಿಸಿದರು, ಪೀಟರ್ ಓದು ಕಲಿಸಿದ. ನಿನಗೆ ಧರ್ಮಸಭೆಯ ಇತಿಹಾಸ ಗೊತ್ತಿಲ್ಲ ಎಂದು ನೇರವಾಗಿ ಹೇಳಿ ಸಂತರ ಕಥೆಗಳನ್ನೂ ಪೋಪರ ಪತ್ರಗಳನ್ನೂ ಮುಂದೆ ತಂದು ಸುರಿದ. 1933ರ ಮೇ 1ರಂದು ಇಬ್ಬರೂ ಸೇರಿ 'ದಿ ಕ್ಯಾಥೊಲಿಕ್ ವರ್ಕರ್' ಪತ್ರಿಕೆ ಹೊರಡಿಸಿದರು. ಮೊದಲ ಸಂಚಿಕೆ 2500 ಪ್ರತಿ, ಬೆಲೆ ಒಂದು ಸೆಂಟು. ಕೆಲವೇ ವರ್ಷಗಳಲ್ಲಿ ಪ್ರಸಾರ ಲಕ್ಷ ದಾಟಿತು, ಬೆಲೆ ಮಾತ್ರ ಅದೇ ಒಂದು ಸೆಂಟು. ಪತ್ರಿಕೆಯ ಬೆನ್ನಿಗೆ ಹಸಿದವರಿಗೆ ಸೂಪು, ಬ್ರೆಡ್ಡು, ಮಲಗಲು ಜಾಗ ಕೊಡುವ ಮನೆಗಳು ಊರೂರಲ್ಲಿ ಎದ್ದವು.

ಈ ಮೂರನೆಯ ಭಾಗದಲ್ಲಿ ಕಥೆಯ ಏರಿಳಿತವಿಲ್ಲ. ಕಾಫಿ, ತಿಗಣೆ, ಕುಡುಕರು, ಬಾಡಿಗೆ ಬಾಕಿ, ಮುಷ್ಕರ, ದಿನದಿನದ ಪೂಜೆ. ಆಗ ನೀರಸವೆಂದೆ. ಈಗ ನನಗೆ ಅನಿಸುವುದು, ನಂಬಿಕೆ ಬೆಳೆಯುವ ಕಥೆಯನ್ನು ಹೀಗಲ್ಲದೆ ಬೇರೆ ರೀತಿ ಬರೆಯಲು ಬಾರದು. ಮಕ್ಕಳ ಎತ್ತರವನ್ನು ಗೋಡೆಯ ಮೇಲೆ ಗೀಟು ಹಾಕಿ ನೋಡಿದವರಿಗೆ ಗೊತ್ತು. ಅವು ಬೆಳೆಯುವುದು ಕಣ್ಣಿಗೆ ಕಾಣುವುದಿಲ್ಲ. ಹಳೆಯ ಗೀಟಿನ ಪಕ್ಕ ನಿಲ್ಲಿಸಿದಾಗಷ್ಟೇ ತಿಳಿಯುತ್ತದೆ.

ಅಂಥ ಒಂದು ಗೀಟನ್ನು ಡೊರೊಥಿಯ ಬದುಕಿನಲ್ಲಿ ತೋರಿಸಬಲ್ಲೆ. ಲಿಸ್ಯೂ ಪಟ್ಟಣದ ಸಂತ ತೆರೇಸಾ, 'ಲಿಟ್ಲ್ ಫ್ಲವರ್' ಎಂದರೆ ನಮ್ಮಲ್ಲಿ ಎಲ್ಲರಿಗೂ ತಿಳಿಯುತ್ತದೆ. ಆ ಹೆಸರಿನ ಕಾನ್ವೆಂಟು ಶಾಲೆಗಳು ನಮ್ಮಲ್ಲೂ ಇವೆ. ಇಪ್ಪತ್ತನಾಲ್ಕನೆಯ ವಯಸ್ಸಿಗೇ ಕ್ಷಯದಿಂದ ತೀರಿಕೊಂಡ ಈ ಫ್ರೆಂಚ್ ಸಂನ್ಯಾಸಿನಿಯ ಆತ್ಮಕಥೆಯನ್ನು ಡೊರೊಥಿಗೆ ಪಾದ್ರಿಯೊಬ್ಬರು ಓದಲು ಕೊಟ್ಟಿದ್ದರು, ಮತಾಂತರವಾದ ಹೊಸತರಲ್ಲಿ. ಆಕೆಗೆ ಒಂದಿಷ್ಟೂ ಹಿಡಿಸಲಿಲ್ಲ. ಲೋಕವನ್ನೇ ಬದಲಿಸಲು ಹೊರಟವಳಿಗೆ ಬಟ್ಟೆ ಒಗೆಯುವಾಗ ಮುಖಕ್ಕೆ ಸಿಡಿದ ಕೊಳೆನೀರನ್ನು ಸಹಿಸಿಕೊಂಡ ಹುಡುಗಿಯ ಕಥೆ ಸಪ್ಪೆ ಪಾಯಸದಂತೆ ತೋರಿತು. ಅದೇ ಡೊರೊಥಿ 1960ರಲ್ಲಿ ಅದೇ ತೆರೇಸಾಳ ಜೀವನಚರಿತ್ರೆಯನ್ನು ಪ್ರಕಟಿಸಿದಳು. ನಡುವೆ ಮೂವತ್ತು ವರ್ಷ ಪಾತ್ರೆ ತೊಳೆದು, ಬೈಗುಳ ತಿಂದು, ಬಂದವರಿಗೆಲ್ಲ ಬಡಿಸಿ, ಸಣ್ಣ ಕೆಲಸದ ಭಾರ ಎಷ್ಟೆಂದು ಅವಳು ತಿಳಿದಿದ್ದಳು. ತೆರೇಸಾ ಬದಲಾಗಿರಲಿಲ್ಲ. ಓದುವವಳು ಬೆಳೆದಿದ್ದಳು.

ಬೆಳೆಯುವುದೆಂದರೆ ಎಲ್ಲಕ್ಕೂ ತಲೆಯಾಡಿಸುವುದು ಎಂದು ತಿಳಿಯಬಾರದು. 1949ರಲ್ಲಿ ನ್ಯೂಯಾರ್ಕಿನ ಕಥೋಲಿಕ ಸ್ಮಶಾನದ ಗುಂಡಿ ತೋಡುವ ಕೂಲಿಗಳು ಮುಷ್ಕರ ಹೂಡಿದಾಗ, ಕಾರ್ಡಿನಲ್ ಸ್ಪೆಲ್‌ಮನ್ ಅವರು ಗುರುಮಠದ ವಿದ್ಯಾರ್ಥಿಗಳಿಂದ ಗುಂಡಿ ತೋಡಿಸಿದರು. ಡೊರೊಥಿ ಕೂಲಿಗಳ ಪಕ್ಷದಲ್ಲಿ ನಿಂತಳು. 1951ರಲ್ಲಿ ಧರ್ಮಪ್ರಾಂತ್ಯದ ಕಚೇರಿಯಿಂದ, ಪತ್ರಿಕೆ ನಿಲ್ಲಿಸಿ ಇಲ್ಲವೇ ಹೆಸರಿನಿಂದ 'ಕ್ಯಾಥೊಲಿಕ್' ಪದ ತೆಗೆಯಿರಿ ಎಂಬ ಮಾತು ಬಂತು. ಆಕೆ ವಿನಯದಿಂದ ಉತ್ತರ ಬರೆದಳು, ಹೆಸರು ತೆಗೆಯಲಿಲ್ಲ, ಪತ್ರಿಕೆಯನ್ನೂ ನಿಲ್ಲಿಸಲಿಲ್ಲ. ಬೆಳಗಿನ ಪೂಜೆಯನ್ನೂ ತಪ್ಪಿಸಲಿಲ್ಲ. ಮನೆಯ ಹಿರಿಯರೊಂದಿಗೆ ಜಗಳವಾಡಿ, ಅದೇ ಮನೆಯಲ್ಲಿ ಸಂಜೆ ದೀಪ ಹಚ್ಚುವ ಸೊಸೆಯಂದಿರು ನಮ್ಮಲ್ಲಿ ಎಷ್ಟು ಜನರಿಲ್ಲ! ಹೊಸದಾಗಿ ಬಂದವಳು ಹೆದರಿ ಒಪ್ಪುತ್ತಾಳೆ. ಇದು ನನ್ನದೇ ಮನೆ ಎಂದು ಅನಿಸಿದ ಮೇಲೆಯೇ ವಾದಿಸುವ ಧೈರ್ಯ ಬರುವುದು.

ಈಗ ನನ್ನ ಎರಡನೆಯ ತಕರಾರು. ಇದು ಮೊದಲನೆಯದಕ್ಕಿಂತ ಕಠಿಣವಾದದ್ದು. ಟಮಾರ್‌ಗಾಗಿಯೇ ಆಕೆ ಕಥೋಲಿಕಳಾದಳೆಂದು ಎರಡನೆಯ ಭಾಗವನ್ನು ಓದಿದ ಯಾರೂ ಹೇಳಿಯಾರು. ಆದರೆ ಮೂರನೆಯ ಭಾಗದಲ್ಲಿ ಆ ಮಗು ಎಲ್ಲಿ? ನೂರಾರು ಅಪರಿಚಿತರ ಗದ್ದಲದ ನಡುವೆ ಆಗೊಮ್ಮೆ ಈಗೊಮ್ಮೆ ಇಣುಕುತ್ತಾಳೆ. 1944ರಲ್ಲಿ ಹದಿನೆಂಟನೆಯ ವಯಸ್ಸಿಗೇ ಮದುವೆಯಾಗಿ ದೂರ ಹೋದಳು, ಒಂಬತ್ತು ಮಕ್ಕಳನ್ನು ಹೆತ್ತಳು. ಟಮಾರ್‌ಳ ಮಗಳು ಕೇಟ್ ಹೆನೆಸಿ 2017ರಲ್ಲಿ ಅಜ್ಜಿಯ ಬಗ್ಗೆ ಬರೆದ ಪುಸ್ತಕದಲ್ಲಿ ಈ ಖಾಲಿ ಜಾಗ ತುಂಬಿಕೊಳ್ಳುತ್ತದೆ. ತಾಯಿಯ ಧಾರ್ಮಿಕ ಕಟ್ಟುನಿಟ್ಟು ಮಗಳಿಗೆ ಹೇಗೆ ನೋವು ಕೊಟ್ಟಿತು, ಮಗಳು ಮುಂದೆ ಚರ್ಚಿನಿಂದಲೇ ಹೇಗೆ ದೂರವಾದಳು ಎಂದು ಅದು ಪ್ರೀತಿಯಿಂದಲೇ ಹೇಳುತ್ತದೆ. ಯಾವ ಮಗುವಿನ ಜ್ಞಾನಸ್ನಾನಕ್ಕಾಗಿ ತಾಯಿ ತನ್ನ ಸುಖವನ್ನೇ ತೆತ್ತಳೋ, ಆ ಮಗುವೇ ದೂರವಾಯಿತು. ಊರಿಗೆಲ್ಲ ತಾಯಿಯಾದವಳ ಸ್ವಂತ ಮಕ್ಕಳ ಪಾಡನ್ನು ಹೆಂಗಸರಾದ ನಾವಾದರೂ ಕೇಳಬೇಕಲ್ಲವೇ? ಇದರ ಉತ್ತರ ಆತ್ಮಕಥೆಯಲ್ಲಿಲ್ಲ. ತರುಣಿಯಾಗಿದ್ದಾಗ ಮಾಡಿಸಿಕೊಂಡ ಗರ್ಭಪಾತದ ಮಾತೂ ಅದರಲ್ಲಿಲ್ಲ. 1924ರ ಕಾದಂಬರಿಯಲ್ಲಿ ನಾಯಕಿಯ ಕಥೆಯಾಗಿ ಬರೆದದ್ದನ್ನು ಇಲ್ಲಿ ನುಂಗಿಕೊಂಡಿದ್ದಾಳೆ.

ಹಾಗಾದರೆ ಪುಸ್ತಕ ಅಪ್ರಾಮಾಣಿಕವೇ? ನಾನು ಹಾಗೆನ್ನಲಾರೆ. ಆಕೆ ತೀರಿಕೊಂಡದ್ದು 1980ರಲ್ಲಿ. ಇಪ್ಪತ್ತೈದು ವರ್ಷ ಮುಚ್ಚಿಟ್ಟಿದ್ದ ದಿನಚರಿಗಳು 2008ರಲ್ಲಿ ಪ್ರಕಟವಾದವು. ಸಿಡುಕಿದ್ದಕ್ಕೆ, ಇತರರ ತಪ್ಪು ಎಣಿಸಿದ್ದಕ್ಕೆ ತನ್ನನ್ನೇ ಬೈದುಕೊಳ್ಳುವ ಡೊರೊಥಿ ಅಲ್ಲಿ ಮುಪ್ಪಿನಲ್ಲೂ ಸಿಗುತ್ತಾಳೆ. ಅದೇ ತಪ್ಪು, ಅದೇ ಪಶ್ಚಾತ್ತಾಪ, ಮತ್ತೆ ಅದೇ ನಿರ್ಧಾರ. 2000ದಲ್ಲಿ ಆಕೆಯನ್ನು ಸಂತಳೆಂದು ಘೋಷಿಸುವ ವಿಧಿಗೆ ವ್ಯಾಟಿಕನ್ ಅನುಮತಿ ಕೊಟ್ಟಿತು. ಸಂತಳಾಗುವಳೋ ಬಿಡುವಳೋ, ನನ್ನ ಪಾಲಿಗೆ ಆ ದಿನಚರಿಯ ಸಿಡುಕಿನ ಮುದುಕಿಯೇ ಹತ್ತಿರದವಳು.

ದೀಕ್ಷೆ ಕೊನೆಯಲ್ಲ ಎಂಬ ಮಾತು ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. ನಮ್ಮ ಶರಣರು ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಆರು ಮೆಟ್ಟಿಲು ಹೇಳಿದರು. ಲಿಂಗ ಕಟ್ಟಿಸಿಕೊಂಡೊಡನೆ ಆರನೆಯದರ ಮೇಲೆ ನಿಂತೆನೆಂದು ಯಾರೂ ತಿಳಿಯಲಿಲ್ಲ. ಇನ್ನು 1858ರಲ್ಲಿ ನಮ್ಮದೇ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ. ಅವರು ಸೇರಿದ್ದು ಕಥೋಲಿಕ ಸಭೆಗಲ್ಲ, 1883ರಲ್ಲಿ ಇಂಗ್ಲೆಂಡಿನಲ್ಲಿ ಆಂಗ್ಲಿಕನ್ ಸಭೆಗೆ. ತಮಗೆ ಪಾಠ ಹೇಳಿದ ಸಿಸ್ಟರೊಂದಿಗೇ ಪತ್ರಗಳಲ್ಲಿ ಪಟ್ಟುಬಿಡದೆ ವಾದಿಸಿದರು. ಜ್ಞಾನಸ್ನಾನವಾಗಿ ಎಂಟು ವರ್ಷಗಳ ಮೇಲೆ, ತಮಗೆ ಆವರೆಗೆ ದೊರೆತದ್ದು ಕ್ರೈಸ್ತಧರ್ಮವೇ ಹೊರತು ಕ್ರಿಸ್ತನಲ್ಲ ಎಂದು ಅರಿವಾಯಿತೆಂದು 1907ರ ತಮ್ಮ ಸಾಕ್ಷ್ಯದಲ್ಲಿ ಬರೆದರು. ಸಂಸ್ಕೃತ ಶಾಸ್ತ್ರಗಳನ್ನು ಅರೆದು ಕುಡಿದ ಪಂಡಿತೆಗೇ ಎಂಟು ವರ್ಷ ಬೇಕಾಯಿತು. ಬಿ.ಎ., ಬಿ.ಎಡ್. ಮಾಡಿದ ನನ್ನ ಪಾಡೇನು!

ಡೊರೊಥಿಯ ಬದುಕಿನ ಕೊನೆಯ ಗೀಟೊಂದನ್ನು ಹೇಳಿ ಮುಗಿಸುತ್ತೇನೆ. ಅದು ಆತ್ಮಕಥೆಯಲ್ಲಿಲ್ಲ, ಇರಲೂ ಸಾಧ್ಯವಿಲ್ಲ, ಏಕೆಂದರೆ ನಡೆದದ್ದು 1959ರಲ್ಲಿ. ಫಾರ್ಸ್ಟರ್ ಆಮೇಲೆ ನ್ಯಾನೆಟ್ ಎಂಬಾಕೆಯ ಜತೆ ಬಹುಕಾಲ ಬಾಳಿದ. ಆಕೆಗೆ ಕ್ಯಾನ್ಸರ್ ಬಂದಿತು. ಫಾರ್ಸ್ಟರ್ ಕೈಚೆಲ್ಲಿ, ಡೊರೊಥಿಗೆ ಹೇಳಿಕಳುಹಿಸಿದ. ಮೂವತ್ತೆರಡು ವರ್ಷಗಳ ಹಿಂದೆ ಯಾವ ಮನುಷ್ಯನಿಗೆ ಬಾಗಿಲು ಮುಚ್ಚಿದ್ದಳೋ, ಅವನ ಮನೆಗೆ ಹೋಗಿ ಅವನ ಹೆಂಗಸಿನ ಹಾಸಿಗೆಯ ಪಕ್ಕ ತಿಂಗಳುಗಟ್ಟಲೆ ಆರೈಕೆ ಮಾಡಿದಳು, 1960ರ ಆರಂಭದಲ್ಲಿ ಆಕೆ ಕಣ್ಣು ಮುಚ್ಚುವವರೆಗೆ.

ಸೇರುವಾಗ ನಾವು ಯಾರನ್ನೋ ಬಿಟ್ಟು ಬಂದಿರುತ್ತೇವೆ. ಆ ಕಾಲಕ್ಕೆ ಅಷ್ಟೇ ಶಕ್ತಿ. ಬಾಗಿಲು ಮುಚ್ಚದಿದ್ದರೆ ಹೊಸ ಸಸಿ ಬದುಕುವುದಿಲ್ಲ ಎಂಬ ಭಯ. ಅದು ಬೇರೂರಿ ಮರವಾಯಿತೇ ಎಂದು ನೋಡಲು ನನಗೆ ತಿಳಿದಿರುವ ಪರೀಕ್ಷೆ ಒಂದೇ: ಬಿಟ್ಟು ಬಂದವರ ಬಾಗಿಲಿಗೆ ಹೆದರಿಕೆಯಿಲ್ಲದೆ ಹಿಂದಿರುಗಿ ಹೋಗಬಲ್ಲೆವೇ? ಅವರನ್ನು ಬದಲಿಸುವುದಕ್ಕಲ್ಲ, ಅವರ ಕಷ್ಟಕ್ಕೆ ಆಗುವುದಕ್ಕೆ.

ಅಮ್ಮನ ಕೊನೆಯ ಮೂರು ತಿಂಗಳು ನಾನು ರಜೆ ಹಾಕಿ ಅವಳ ಹತ್ತಿರ ಇದ್ದೆ. ಜ್ಞಾನಸ್ನಾನದ ನಂತರದ ಮೊದಲ ವರ್ಷಗಳಲ್ಲಿ ಅವಳ ದೇವರ ಮನೆಯ ಹೊಸಿಲು ದಾಟಲು ಹಿಂಜರಿಯುತ್ತಿದ್ದವಳು ನಾನು. ಮುಟ್ಟಿದರೆ ನನ್ನ ಹೊಸ ನಂಬಿಕೆಗೆ ಎಲ್ಲಿ ಏನಾಗುವುದೋ ಎಂಬ ಅಂಜಿಕೆ. ಅದನ್ನು ಗಮನಿಸಿಯೂ ಅಮ್ಮ ಏನೂ ಆಡಿರಲಿಲ್ಲ. ಒಂದು ಸಂಜೆ ಹಾಸಿಗೆಯಿಂದಲೇ, "ನಿಂಗೆ ಅಡ್ಡಿ ಇಲ್ಲ ಅಂದ್ರೆ ದೀಪಕ್ಕೆ ಎಣ್ಣೆ ಹಾಕಿ ಹಚ್ಚಿಡ್ತೀಯೇನೇ? ನಂಗೆ ಏಳಕ್ಕಾಗ್ತಿಲ್ಲ" ಎಂದಳು. ಬತ್ತಿ ಹೊಸೆದು, ಎಣ್ಣೆ ಹಾಕಿ, ಹಚ್ಚಿಟ್ಟೆ. ಕತ್ತಲಾದ ಮೇಲೆ ಅವಳ ಮಂಚದ ಪಕ್ಕ ಕುಳಿತು ಸೆರಗಿನ ಮರೆಯಲ್ಲಿ ಜಪಸರ ಎಣಿಸತೊಡಗಿದೆ. ನಿದ್ದೆ ಬಂದಿದೆ ಎಂದುಕೊಂಡಿದ್ದೆ. ಅಮ್ಮ ಕಣ್ಣು ತೆರೆಯದೆಯೇ, "ಬಾಯ್ಬಿಟ್ಟು ಹೇಳೇ, ನಾನೂ ಕೇಳ್ತೀನಿ" ಎಂದಳು.

'ಯಾಕೆ ಸೇರಿದೆ' ಎಂದು ಅಮ್ಮ ಒಂದು ದಿನವೂ ನನ್ನನ್ನು ಕೇಳಿರಲಿಲ್ಲ. ಸೇರಿದ ಮೇಲೆ ಏನಾಯಿತೆಂದು ಕೇಳಿದವಳು ಅವಳೊಬ್ಬಳೇ. ನಾನು ಬಾಯಿಬಿಟ್ಟು ಹೇಳಿದೆ.